ಕೋಕ್-ಅರ್ಚಾದ ಹೆಂಗಸರು ಕೊಟ್ಟ ಅಂಕ

ಕೋಕ್-ಅರ್ಚಾ, ಸೆಪ್ಟೆಂಬರ್ 14

ಬೇಗಾಯಿಮ್,

ನಿನ್ನ ವಿಶ್ವವಿದ್ಯಾಲಯದ ಆರೋಗ್ಯ ಶಾಲೆಯವರು ಬಂದು ಹೋದರು. ನಾನು ಇನ್ನೂ ಪಾತ್ರೆ ತೊಳೆಯುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಹೂಂ ಹೂಂ ಎನ್ನುತ್ತ ಬೇರೇನೋ ಮಾಡುತ್ತಿರುತ್ತೀಯ, ಅದು ನನಗೆ ಕೇಳಿಸುತ್ತದೆ. ಸಿಗ್ನಲ್ ಬೇಕೆಂದರೆ ಸ್ಮಶಾನದ ದಿಬ್ಬ ಹತ್ತಬೇಕು; ಆ ಕಡೆ ಹೋಗುವುದಕ್ಕೆ ನನಗೇನೂ ಅವಸರವಿಲ್ಲ. ಅದಕ್ಕೇ ವ್ಯಾನಿನ ಬಕ್ತಿಯಾರ್ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ನಾಲ್ಕನೇ ತರಗತಿಯ ಅಕ್ಷರ, ತಾಳ್ಮೆಯಿಂದ ಓದು.

ಊಟ ನಮ್ಮ ಮನೆಯಲ್ಲೇ ಆಯಿತು. ಊರಿನ ಯಜಮಾನ ಮಮಾಸಾಲಿ, ಅದೇ ನಿನ್ನ ತಾತನ ತಮ್ಮನ ಮಗ, ನನ್ನ ಹಟ್ಟಿಗೆ ಬಂದು ನನ್ನ ಕುರಿಯನ್ನು ತಾನೇ ಆರಿಸಿ, "ವಿಶ್ವವಿದ್ಯಾಲಯದೋರು ದೊಡ್ಡಮ್ಮ, ಬೇಗಾಯಿಮ್ ಕೆಲಸ ಮಾಡೋ ಜಾಗ, ಮರ್ಯಾದೆ ಉಳೀಬೇಕು" ಎಂದ. ಉಳಿಯಿತು. ಮೂಳೆ ಸಹ ಉಳಿಯಲಿಲ್ಲ.

ನಿಮ್ಮ ಉಪಮುಖ್ಯಸ್ಥ ಸಪರ್‌ಬೆಕ್ ಮೇಷ್ಟ್ರನ್ನು ಒಳಗೋಡೆಯ ಕಡೆ ಗೌರವದ ಜಾಗದಲ್ಲಿ ಕೂರಿಸಿ, ಕುರಿಯ ತಲೆಯನ್ನು ಅವರ ಮುಂದೆ ಇಟ್ಟೆವು. ಅವರು ಅದರ ಕಿವಿ ಕೊಯ್ಯುತ್ತ ಹೇಳಿದರು: "ನಮ್ಮ ಆರೋಗ್ಯ ಶಾಲೆ ಜನರಿಗೆ ಎಷ್ಟು ಉಪಯೋಗ ಆಗಿದೆ ಅಂತ ಜನರೇ ಹೇಳ್ಬೇಕು. ಮನಸ್ಸು ಬಿಚ್ಚಿ ಅಂಕ ಕೊಡಿ. ಐದು ಅಂದ್ರೆ ಪೂರ್ತಿ, ಎರಡು ಅಂದ್ರೆ ನಪಾಸು, ನಮ್ಮ ಶಾಲೆಗಳಲ್ಲಿ ಇದ್ದಂಗೇ." ಮಡಿಲಲ್ಲಿ ಅಂಕ ಬರೆಯುವ ಫಲಕ ಇಟ್ಟುಕೊಂಡ ಹುಡುಗಿ ಒಬ್ಬೊಬ್ಬರನ್ನೇ ಕೇಳಿದಳು. ಸಮಾಜದ ಹೊಣೆ ಹೊರುವುದರಲ್ಲಿ ಶಾಲೆಗೆ ಎಷ್ಟು ಅಂಕ? ಗಂಡಸರೆಲ್ಲ ಐದು ಎಂದರು. ಬಾಯಲ್ಲಿ ಮಾಂಸ ಇದ್ದವರು ಕೈ ಎತ್ತಿ ಐದು ಬೆರಳು ತೋರಿಸಿದರು.

ಆಮೇಲೆ ಎರಡನೇ ಪ್ರಶ್ನೆ: ರಾಜಕೀಯದಲ್ಲಿ ಶಾಲೆಯ ಪಾಲು ಎಷ್ಟು? ಆಗ ಚಹಾ ಹೀರುವ ಸದ್ದೂ ನಿಂತಿತು. ಆ ಮಾತು ಕಿವಿಗೆ ಬಿದ್ದರೆ ನಮ್ಮ ಮುದುಕರಿಗೆ ಇವತ್ತಿಗೂ ಬಾಗಿಲ ಹೊರಗೆ ಯಾರೋ ನಿಂತು ಹೆಸರು ಬರೆದುಕೊಳ್ಳುತ್ತಿದ್ದಾರೆ ಅನಿಸುತ್ತದೆ. ಜುಮಾಶ್ ಮುದುಕ ಟೋಪಿ ಸರಿಮಾಡಿಕೊಂಡು, "ರಾಜಕೀಯಾನಾ? ಐದು ಬರ್ಕೋ ಮಗಳೇ. ಆರು ಇದ್ರೆ ಆರು ಬರ್ಕೋ" ಎಂದ.

"ಐದೇ ಇರೋದು ಅಜ್ಜ."

"ಹಂಗಾದ್ರೆ ಎರಡು ಸಲ ಐದು ಬರ್ಕೋ."

ನಾನು ಸಾರಿನ ಬಟ್ಟಲು ಹಿಡಿದು ಒಳಗೆ ಬರುತ್ತಿದ್ದೆ. "ನಂದು ಎರಡು" ಎಂದೆ. ಎಲ್ಲರೂ ನಕ್ಕರು. ಸಪರ್‌ಬೆಕ್ ಮೇಷ್ಟ್ರೂ ನಕ್ಕರು. ಮಮಾಸಾಲಿ, "ದೊಡ್ಡಮ್ಮಂಗೆ ಕಣ್ಣು ಮಂದ, ಐದೂ ಬೆರಳು ಎರಡಾಗಿ ಕಾಣ್ತವೆ" ಎಂದ. ಹುಡುಗಿ ಏನೂ ಬರೆದುಕೊಳ್ಳಲಿಲ್ಲ. ಬಾಗಿಲ ಬಳಿ ಕುಳಿತು ಚಹಾ ಬಗ್ಗಿಸುತ್ತಿದ್ದ ಹೆಂಗಸರನ್ನು ಕೇಳಲೂ ಇಲ್ಲ. ನಮಗೆ ಅದು ಹೊಸದಲ್ಲ, ಬಗ್ಗಿಸುತ್ತಲೇ ಇದ್ದೆವು.

ನಿನ್ನ ತಮ್ಮನ ಹೆಂಡತಿ ಚೋಲ್ಪೋನ್‌ಗೆ ಕುರಿಮಾಂಸದ ವಾಸನೆ ತಡೆಯುವುದಿಲ್ಲ, ಅವತ್ತೆಲ್ಲ ಹೊರಗೇ ಕುಳಿತಿದ್ದಳು. ಜನವರಿ ಕೊನೆಗೆ ಹೆರಿಗೆ ಎಂದು ನಮ್ಮ ಹೆರಿಗೆ ಕೋಣೆಯ ಸೂಲಗಿತ್ತಿ ತುರ್ಸುನೈ ಹೇಳಿದ್ದಾಳೆ.

ನಿನ್ನನ್ನು ಎತ್ತಿ ಬೆಳೆಸಿದ ಅಜ್ಜಿ,
ಉರ್ಕುಯಾ


ರಾಜಧಾನಿ, ಅಕ್ಟೋಬರ್ 6

ಆಪಾ,

ಜುಮಾಶ್ ತಾತನ ಮಾತು ಓದಿ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ನಿನ್ನ ಎರಡರ ಮಾತು ಓದಿದ ಮೇಲೆ ನಗು ಬರಲಿಲ್ಲ.

ಈ ಅಂಕದ ಕೆಲಸ ಒಂದು ವರ್ಷದಿಂದ ನನ್ನ ತಲೆಯ ಮೇಲೆಯೇ ಇದೆ, ನಿನಗೆ ಸರಿಯಾಗಿ ಹೇಳಿರಲಿಲ್ಲ. ಒಂದು ಆರೋಗ್ಯ ಶಾಲೆಯನ್ನು ಅದರ ಕಟ್ಟಡದಿಂದಲೋ ಅಲ್ಲಿ ಬರೆದ ಪ್ರಬಂಧಗಳಿಂದಲೋ ಅಳೆಯಬಾರದು. ಅಲ್ಲಿ ಓದಿದವರು ಯಾರ ಬಳಿಗೆ ಹೋಗುತ್ತಾರೆ, ಆಳುವವರ ಎದುರು ಶಾಲೆ ಯಾರ ಪರವಾಗಿ ಬಾಯಿ ತೆರೆಯುತ್ತದೆ, ಅದರಿಂದ ಅಳೆಯಬೇಕು. ಇದನ್ನು ನಾನು ನಂಬಿದ್ದೆ. ಈಗಲೂ ನಂಬುತ್ತೇನೆ, ಆದರೆ ಸಂಜೆಯ ಹೊತ್ತಿಗೆ ಸ್ವಲ್ಪ ಕಡಿಮೆ.

ನಮ್ಮೂರು ಎಲ್ಲ ಊರುಗಳಿಗಿಂತ ಹೆಚ್ಚು ಅಂಕ ಕೊಟ್ಟಿದೆ. ನೀನು ಸಾರಿನ ಬಟ್ಟಲು ಹಿಡಿದು ನಿಂತ ಚಿತ್ರವನ್ನು ದೊಡ್ಡದು ಮಾಡಿಸಿ ಪಡಸಾಲೆಯಲ್ಲಿ ನೇತುಹಾಕಿದ್ದಾರೆ. ದಿನಾ ಬೆಳಿಗ್ಗೆ ಅದರ ಕೆಳಗೆ ನಡೆಯುತ್ತೇನೆ. ನೀನು ನನ್ನನ್ನೇ ಗುರಾಯಿಸುತ್ತಿರುತ್ತೀಯ. ವಸಂತದಲ್ಲಿ ನನ್ನ ಕೆಲಸ ಕಾಯಂ ಮಾಡುತ್ತಾರಂತೆ.

ನಿನ್ನ ಎರಡಕ್ಕೆ ಕಾರಣ ಇದ್ದರೆ ಬರೆ. ಫಲಕದಲ್ಲಿ ಕಾರಣ ಬರೆಯುವುದಕ್ಕೆ ಜಾಗವಿರಲಿಲ್ಲ.

ಚೋಲ್ಪೋನ್‌ಗೆ ನೀರಿನ ಬಕೆಟ್ ಎತ್ತಿಸಬೇಡ.

ನಿನ್ನ ಬೇಗಾಯಿಮ್


ಕೋಕ್-ಅರ್ಚಾ, ನವೆಂಬರ್ 11

ಬೇಗಾಯಿಮ್,

ಕಾರಣ ಕೇಳಿದ್ದೆ. ಈಗ ಕಾರಣವೇ ಮುದ್ರೆ ಹಾಕಿಸಿಕೊಂಡು ಬಂದಿದೆ.

ನಮ್ಮ ಹೆರಿಗೆ ಕೋಣೆಯನ್ನು ಮುಚ್ಚಿದರು. ಪ್ರಾಂತ್ಯದ ಕಚೇರಿಯಿಂದ ಲಾರಿ ಬಂದು ಮಂಚಗಳನ್ನು ಹೊತ್ತುಕೊಂಡು ಹೋಯಿತು, ಔಷಧಿ ಪೆಟ್ಟಿಗೆ ಸಹ. ಬಾಗಿಲಿಗೆ ಕಾಗದ ಅಂಟಿಸಿ ಮುದ್ರೆ ಒತ್ತಿದರು. ಆದೇಶವನ್ನು ಮಮಾಸಾಲಿ ಊರಿನ ಮಕ್ಕಳ ಶಾಲೆಯ ಅಂಗಳದಲ್ಲಿ ಓದಿದ. ಈ ಊರಿನ ಆರೋಗ್ಯ ಸೇವೆ ಅತ್ಯುತ್ತಮವಾಗಿದೆ ಎಂದು ಊರಿನವರೇ ಹೇಳಿದ್ದಾರೆ, ವಿಶ್ವವಿದ್ಯಾಲಯವೇ ಇದನ್ನು ನೋಡಿಕೊಳ್ಳುತ್ತಿದೆ, ಆದ್ದರಿಂದ ಇಲ್ಲಿ ಬೇರೆ ಕೋಣೆಯ ಅಗತ್ಯವಿಲ್ಲ. ಅವನ ದನಿ ಓದುತ್ತ ಓದುತ್ತ ಸಣ್ಣದಾಯಿತು. ಓದಿ ಮುಗಿಸಿ ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿದ, ಅಲ್ಲೇನಾದರೂ ಒಳ್ಳೆಯದು ಬರೆದಿರಬಹುದು ಎಂದು.

"ಐದು ಹಾಕಿದ್ಯಲ್ಲ, ತಗೋ" ಎಂದೆ.

"ನಾವು ನೆಂಟರಿಗೆ ಹಾಕಿದ್ವಿ ದೊಡ್ಡಮ್ಮ. ಕೋಣೆಗಲ್ಲ."

ಪಾಪ, ಅವನು ಹೇಳಿದ್ದು ಸುಳ್ಳಲ್ಲ. ಉಣ್ಣುವ ನೆಂಟನ ಮುಖ ನೋಡಿ "ನೀನು ನಪಾಸು" ಎನ್ನುವ ಕಿರ್ಗಿಜ ಇನ್ನೂ ಹುಟ್ಟಿಲ್ಲ. ಅದು ನಿಮ್ಮ ಮೇಷ್ಟ್ರಿಗೂ ಗೊತ್ತು, ಅವರೂ ಯಾವುದೋ ಹಳ್ಳಿಯಲ್ಲಿ ಹಾಲು ಕುಡಿದು ಬೆಳೆದವರೇ. ಗೊತ್ತಿದ್ದೂ ಊಟದ ಹೊತ್ತಿಗೇ ಕೇಳಿದರು.

ನನ್ನ ಎರಡರ ಕಾರಣ ಇನ್ನೊಂದು. ಐದಾರು ಬೇಸಿಗೆಯಿಂದ ನಿಮ್ಮ ಹುಡುಗರು ಬರುತ್ತಾರೆ, ನಮ್ಮ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡುತ್ತಾರೆ, ಬರೆದುಕೊಳ್ಳುತ್ತಾರೆ, ಹೋಗುತ್ತಾರೆ. ಹೋದ ವರ್ಷ ಕೋಣೆ ಮುಚ್ಚುವ ಸುದ್ದಿ ಬಂದಾಗ ತುರ್ಸುನೈ ಇದೇ ಸಪರ್‌ಬೆಕ್ ಮೇಷ್ಟ್ರ ಹತ್ತಿರ ಹೋಗಿ ಸರ್ಕಾರಕ್ಕೆ ಒಂದು ಮಾತು ಬರೆಯಿರಿ ಎಂದು ಕೇಳಿದಳು. "ನಾವು ವಿದ್ಯೆಯೋರಮ್ಮ, ರಾಜಕೀಯಕ್ಕೆ ಕೈ ಹಾಕಲ್ಲ" ಎಂದರಂತೆ. ಈಗ ಅದಕ್ಕೇ ಅಂಕ ಕೇಳಲು ಬಂದಿದ್ದರು.

ಡಿಸೆಂಬರ್ ಕೊನೆಗೆ ಹಿಮ ಬಿದ್ದು ಘಟ್ಟದ ದಾರಿ ಮುಚ್ಚುತ್ತದೆ. ಆಸ್ಪತ್ರೆ ಘಟ್ಟದ ಆಚೆ. ನಿನ್ನ ತಮ್ಮ ಎರ್ಮೆಕ್ ಎಲ್ಲಿ ಹುಟ್ಟಿದ ಎಂದು ನಿನಗೆ ಗೊತ್ತು. ಘಟ್ಟದಲ್ಲಿ ಲಾರಿ ಸಿಕ್ಕಿಕೊಂಡು ನಿಂತ ಆ ತಿರುವಿನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಮಗು ಇಳಿಯಿತು, ನಿನ್ನ ತಾಯಿ ಇಳಿಯಲಿಲ್ಲ. ಅದಾದ ಮರುವರ್ಷವೇ ಈ ಕೋಣೆ ಬಂದದ್ದು. ಇದಕ್ಕಿಂತ ಹೆಚ್ಚು ಬರೆಯಲಾರೆ. ಈಗ ಅದೇ ಎರ್ಮೆಕ್‌ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನನ್ನ ಮುಖ ನೋಡುತ್ತಾಳೆ.

ಅಂಕ ಬರೆಯುವವಳು ನೀನು. ತಿದ್ದು.

ಉರ್ಕುಯಾ


ರಾಜಧಾನಿ, ಡಿಸೆಂಬರ್ 2

ಆಪಾ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ.

ತಿದ್ದಲು ಆಗುವುದಿಲ್ಲ. ಅಂಕ ಕೊಟ್ಟವರೇ ಬಂದು ನಾನು ಬದಲಾಯಿಸುತ್ತೇನೆ ಎಂದು ಹೆಸರು ಹಾಕಿ ಹೇಳಬೇಕು. ಫೆಬ್ರವರಿಯ ತನಕ ಅವಕಾಶವಿದೆ, ಆಮೇಲೆ ವರದಿ ಅಚ್ಚಿಗೆ ಹೋಗುತ್ತದೆ. ನೀನು ಕೊಟ್ಟ ಎರಡನ್ನು ಮಾತ್ರ ಸೇರಿಸಿದರೆ ಅದು ಅಷ್ಟು ಐದುಗಳ ನಡುವೆ ಕಾಣುವುದೂ ಇಲ್ಲ ಎಂದು ಸಪರ್‌ಬೆಕ್ ಮೇಷ್ಟ್ರು ಹೇಳಿದರು. ಕೋಣೆ ಮುಚ್ಚಿದ್ದು ಪ್ರಾಂತ್ಯದ ಕಚೇರಿ, ನಾವಲ್ಲವಲ್ಲ ಎಂದೂ ಹೇಳಿದರು. ಹೇಳುವಾಗ ಅವರು ಕಿಟಕಿಯ ಕಡೆ ನೋಡುತ್ತಿದ್ದರು.

ಇನ್ನೊಂದು ವಿಷಯ ನಿನಗೆ ಹೇಳಬೇಕು. ರಾಜಕೀಯದ ಪಾಲಿನಲ್ಲಿ ಶಾಲೆ ತನಗೆ ತಾನೇ ಐದು ಹಾಕಿಕೊಂಡಿದೆ. ಯಾಕೆ ಎಂದು ಹುಡುಕಿದೆ. ಒಂದು ದಿನ ದೊಡ್ಡ ಕೋಣೆಯಲ್ಲಿ ಎಲ್ಲರೂ ಸೇರಿ ಚರ್ಚೆ ಮಾಡಿದ್ದಾರೆ, ಊಟ ಆಗಿದೆ, ಚಿತ್ರ ತೆಗೆದಿದ್ದಾರೆ. ಯಾವ ಆಸ್ಪತ್ರೆಗಾಗಿಯೂ ಯಾವ ಕೋಣೆಗಾಗಿಯೂ ಸರ್ಕಾರಕ್ಕೆ ಒಂದು ಸಾಲು ಬರೆದಿಲ್ಲ. ಆ ಐದನ್ನು ಅಚ್ಚುಕಟ್ಟಾಗಿ ಜೋಡಿಸಿದವಳು ನಾನೇ.

ಚೋಲ್ಪೋನ್‌ಳನ್ನು ಈಗಲೇ ಇಲ್ಲಿಗೆ ಕರೆದುಕೊಂಡು ಬರಲು ಎರ್ಮೆಕ್‌ಗೆ ಹೇಳು. ನನ್ನ ಕೋಣೆಯಲ್ಲಿ ಇರಲಿ.

ಬೇಗಾಯಿಮ್


ಕೋಕ್-ಅರ್ಚಾ, ಡಿಸೆಂಬರ್ 23

ಬೇಗಾಯಿಮ್,

ಇದು ಬಹುಶಃ ಕೊನೆಯ ವ್ಯಾನು. ಬಕ್ತಿಯಾರ್ ಆಕಾಶ ನೋಡಿ ನನ್ನನ್ನು ಬೈಯುತ್ತಾ ಕಾಯುತ್ತಿದ್ದಾನೆ.

ಚೋಲ್ಪೋನ್ ಬರುವುದಿಲ್ಲ. ಕಾಲು ಊದಿದೆ, ವ್ಯಾನು ಕುಲುಕಿದರೆ ನೋವು ಶುರುವಾದೀತು ಎಂದು ತುರ್ಸುನೈ ಹೆದರಿದಳು. ತುರ್ಸುನೈಗೆ ಘಟ್ಟದ ಆಚೆ ಹೋಗಿ ಕೆಲಸಕ್ಕೆ ಸೇರಲು ಆದೇಶವಿದೆ. ಹಸು ಈಯುವುದಿದೆ ಎಂದು ಹೇಳಿ ಇಲ್ಲೇ ಕುಳಿತಿದ್ದಾಳೆ. ಅವಳ ಹತ್ತಿರ ಹಸುವೇ ಇಲ್ಲ.

ನೀನು ಹೇಳಿದಂತೆ ಅಂಕ ಕೊಟ್ಟ ಗಂಡಸರ ಮನೆಮನೆಗೆ ಹೋದೆ. ನನ್ನ ಮೊಣಕಾಲಿಗೆ ಈ ಊರು ಈಗ ತುಂಬ ದೊಡ್ಡದು. ಜುಮಾಶ್ ಒಲೆಯ ಮುಂದೆ ಕುಳಿತು ಹೇಳಿದ: "ಜೊತೇಲಿ ಕೂತು ಉಂಡೋನಿಗೆ ಆಮೇಲೆ ಎರಡು ಹಾಕೋದಾ ಉರ್ಕುಯಾ? ಅವನ ಬಾಯಿಂದ ತುತ್ತು ಕಿತ್ಕೊಂಡಂಗೆ ಆಗಲ್ವಾ?"

"ಅವನು ತಿಂದಿದ್ದು ನನ್ನ ಕುರಿ."

"ಕುರಿ ನಿಂದು. ಮಾನ ಊರಿಂದು."

"ಊರಿನ ಮಾನ ಹೆರೋದು ಯಾರು, ನೀನಾ?"

ಮುದುಕ ಅತ್ತುಬಿಟ್ಟ. ಅವನ ಮೊಮ್ಮಕ್ಕಳೆಲ್ಲ ಆ ಕೋಣೆಯಲ್ಲೇ ಹುಟ್ಟಿದ್ದು. ಅತ್ತ, ಆದರೆ ಅಂಕ ಬದಲಾಯಿಸಲಿಲ್ಲ. ಉಳಿದವರೂ ಅಷ್ಟೇ. ಒಬ್ಬ ಕುದುರೆ ನೋಡಬೇಕು ಎಂದು ಹೊರಟ, ಇನ್ನೊಬ್ಬ ನಿದ್ದೆ ಬಂದವನಂತೆ ಮಲಗಿದ. ಸೋತು ಮನೆಗೆ ಬಂದೆ.

ಮನೆಯಲ್ಲಿ ಹೆಂಗಸರು ಚೋಲ್ಪೋನ್‌ಗಾಗಿ ಉಣ್ಣೆಯ ನೆಲಹಾಸು ಹೊಲಿಯುತ್ತಿದ್ದರು. ನಾನು ಬೂಟು ಬಿಚ್ಚುತ್ತ ಗಂಡಸರನ್ನೆಲ್ಲ ಬೈದೆ. ಆಗ ಸಾಲ್ತನತ್ ಹಲ್ಲಲ್ಲಿ ದಾರ ಕಡಿಯುತ್ತ, "ನಮ್ಮನ್ನ ಯಾರೂ ಕೇಳ್ಲೇ ಇಲ್ವಲ್ಲ ಅಜ್ಜಿ" ಎಂದಳು. ದೂರಲ್ಲ ಅದು, ಸುಮ್ಮನೆ ಹೇಳಿದ್ದು.

ನನ್ನ ಒಂದು ಕಾಲು ಬೂಟಿನಲ್ಲೇ ಉಳಿಯಿತು. ಯಾರೂ ಅಂಕ ಕೇಳದೇ ಇದ್ದವರು ಬದಲಾಯಿಸುವುದೇನು ಬಂತು? ಕೊಡುವುದಷ್ಟೇ. ಈಗ ಎದುರಿಗೆ ನೆಂಟರೂ ಇಲ್ಲ, ಅವರ ಬಾಯಲ್ಲಿ ನಮ್ಮ ಮಾಂಸವೂ ಇಲ್ಲ.

ನಾನೇ ಕೇಳಿದೆ. ರಾಜಕೀಯ ಎನ್ನಲಿಲ್ಲ. ಆ ಶಾಲೆಯವರು ನಿಮ್ಮ ಪರವಾಗಿ ಆಳುವವರ ಹತ್ತಿರ ಮಾತಾಡಿದ್ದಾರಾ ಎಂದೆ. ಯಾರೂ ಟೋಪಿ ಸರಿಮಾಡಿಕೊಳ್ಳಲಿಲ್ಲ. ಬೂರಾಕಾನ್, "ಮಾತಾಡಿದ್ರೆ ನಮ್ಮ ಮಂಚ ಎಲ್ಲಿ?" ಎಂದಳು. ಸಾಲ್ತನತ್, "ಎರಡಕ್ಕಿಂತ ಕೆಳಗೆ ಏನಿದೆ?" ಎಂದಳು. ಅವಳಿಗೂ ಮುಂದಿನ ಚಳಿಗಾಲದ ಹೊತ್ತಿಗೆ ಮಗು ಬೇಕಂತೆ. ಹೊಣೆಗೆ ಮಾತ್ರ ಕೆನ್ಜೆ ಮೂರು ಕೊಟ್ಟಳು. ನಿಮ್ಮ ಹುಡುಗಿಯೊಬ್ಬಳು ಅವಳ ಅತ್ತೆಯ ಬೆನ್ನು ಹುಣ್ಣನ್ನು ವಾರವಿಡೀ ತೊಳೆದಿದ್ದಳಂತೆ. ಕೊಡಲಿ, ಅದು ನಿಜ. ನನ್ನ ಕಿವಿಯಲ್ಲಿ, "ಆ ಹುಡುಗಿಗೆ ಐದು ಹಾಕಿ, ಶಾಲೆಗೆ ಮೂರು" ಎಂದಳು. ಅಂಥ ಜಾಗ ನಿಮ್ಮ ಫಲಕದಲ್ಲಿ ಇದೆಯೋ ಇಲ್ಲವೋ.

ಎಲ್ಲರೂ ತಮ್ಮ ಅಂಕ, ಮಾತು, ಹೆಸರು ಬರೆದಿದ್ದಾರೆ. ಜೊತೆಗೆ ಇಟ್ಟಿದ್ದೇನೆ. ನಿನ್ನ ಕಾಯಂ ಕೆಲಸಕ್ಕೆ ಇದರಿಂದ ಏನಾಗುತ್ತದೆ ಎಂದು ನನಗೆ ಗೊತ್ತಾಗದೆ ಇಲ್ಲ. ಹಾಕು ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ನನಗೆ ಸುಸ್ತಾಗಿದೆ.

ಉರ್ಕುಯಾ


ರಾಜಧಾನಿ, ಫೆಬ್ರವರಿ 9

ಆಪಾ,

ಘಟ್ಟ ಮುಚ್ಚಿದೆ, ಈ ಕಾಗದ ಯಾವಾಗ ತಲುಪುತ್ತದೋ ಗೊತ್ತಿಲ್ಲ. ಎರ್ಮೆಕ್ ಫೋನ್ ಎತ್ತುವುದಿಲ್ಲ. ದಿಬ್ಬದ ಮೇಲೆ ಹಿಮ ಹೆಚ್ಚಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಜನವರಿ ಮುಗಿದು ಹೋಯಿತು ಎಂಬುದನ್ನು ಹೇಳಿಕೊಳ್ಳುವುದಿಲ್ಲ.

ಹಾಕಿದೆ. ನಿಮ್ಮೆಲ್ಲರ ಅಂಕವನ್ನೂ ಹಾಕಿದೆ. ಗಂಡಸರಿಗಿಂತ ನೀವೇ ಹೆಚ್ಚು ಮಂದಿ ಇದ್ದಿರಿ, ಶಾಲೆಯ ಅಂಕ ಕೆಳಕ್ಕೆ ಬಿತ್ತು. ಸಪರ್‌ಬೆಕ್ ಮೇಷ್ಟ್ರು ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ, "ನಿಮ್ಮಜ್ಜಿ ಮನೇಲಿ ಉಪ್ಪು ತಿಂದಿದ್ದೀನಿ ಕಣಮ್ಮ. ಇದೇನಿದು?" ಎಂದರು. "ಅಜ್ಜಿಯೂ ಅದನ್ನೇ ಕೇಳ್ತಿದಾರೆ ಸರ್" ಎಂದೆ. ಆಮೇಲೆ ಅವರು ನನ್ನ ಜೊತೆ ಮಾತಾಡಿಲ್ಲ.

ಮುಖ್ಯಸ್ಥೆ ಗುಲ್‌ಬಾರಾ ಅವರು ಕರೆಸಿದರು. ಬೈಗುಳಕ್ಕೆ ಸಿದ್ಧಳಾಗಿ ಹೋದೆ. ಅವರು ಬಾಗಿಲು ಹಾಕಿ, ಹೆಂಗಸರ ಮಾತುಗಳನ್ನೆಲ್ಲ ಗಟ್ಟಿಯಾಗಿ ಓದಿಸಿದರು. ಮಂಚದ ಮಾತು ಬಂದಾಗ ಇನ್ನೊಮ್ಮೆ ಓದು ಎಂದರು. ಎರಡು ದಿನ ಬಿಟ್ಟು ಆ ಕೋಣೆಯನ್ನು ಮತ್ತೆ ತೆರೆಯಬೇಕೆಂದು ಶಾಲೆಯ ಹೆಸರಿನಲ್ಲಿ ಸರ್ಕಾರಕ್ಕೆ ಬರೆದರು. ಇಷ್ಟು ವರ್ಷದ ಕೆಲಸದಲ್ಲಿ ಇಂಥ ಕಾಗದಕ್ಕೆ ಸಹಿ ಹಾಕುತ್ತಿರುವುದು ಇದೇ ಮೊದಲು ಎಂದರು. ಅದನ್ನು ಹೆಮ್ಮೆಯಿಂದ ಹೇಳಲಿಲ್ಲ. ಉತ್ತರ ಬಂದಿಲ್ಲ.

ನನ್ನ ಕಾಯಂ ಮಾತು ಮುಂದಕ್ಕೆ ಹೋಗಿದೆ. ಈಗ ತರಗತಿಗಳ ವೇಳಾಪಟ್ಟಿ ಮಾಡುತ್ತೇನೆ. ಪಡಸಾಲೆಯಲ್ಲಿ ನಿನ್ನ ಚಿತ್ರವನ್ನು ತೆಗೆದಿದ್ದಾರೆ.

ಮುಖ್ಯಸ್ಥೆ ಒಂದು ಮಾತು ಕೇಳಲು ಹೇಳಿದ್ದಾರೆ. ಶಾಲೆ ಈಗ ಬರೆದಿದೆಯಲ್ಲ, ವಸಂತದಲ್ಲಿ ಇನ್ನೊಂದು ಸುತ್ತು ಅಂಕ ತೆಗೆದುಕೊಳ್ಳುತ್ತಾರೆ. ಹೆಂಗಸರು ತಮ್ಮ ಅಂಕವನ್ನು ಮತ್ತೊಮ್ಮೆ ಯೋಚಿಸುತ್ತಾರಾ?

ಚೋಲ್ಪೋನ್ ಹೇಗಿದ್ದಾಳೆ ಆಪಾ. ಬೇರೇನೂ ಬರೆಯದಿದ್ದರೂ ಅದೊಂದು ಬರೆ.

ಬೇಗಾಯಿಮ್


ಕೋಕ್-ಅರ್ಚಾ, ಏಪ್ರಿಲ್ 30

ಬೇಗಾಯಿಮ್,

ಬದುಕಿದ್ದಾಳೆ. ಹೆಣ್ಣು ಮಗು. ಅದೂ ಬದುಕಿದೆ. ದಿಬ್ಬ ಹಿಮದಲ್ಲಿ ಹೂತಿತ್ತು, ಫೋನ್ ಮಾಡಲಾಗಲಿಲ್ಲ. ಇನ್ನು ಕುಳಿತು ಓದು.

ನೋವು ಬಂದದ್ದು ಮಧ್ಯಾಹ್ನ, ಎದುರು ಮನೆ ಕಾಣದಷ್ಟು ಹಿಮ ಬೀಳುತ್ತಿತ್ತು. ನಮ್ಮ ಮನೆಯಲ್ಲಿ ಬೆಳಕಿಲ್ಲ, ನೀರಿಲ್ಲ, ಇಲ್ಲಿ ಬೇಡ ಎಂದಳು ತುರ್ಸುನೈ. ನಾನು ಮಮಾಸಾಲಿಯ ಮನೆಗೆ ಹೋಗಿ, "ಬಂದು ಹೆರಿಗೆ ಕೋಣೆ ಬಾಗಿಲು ತೆಗಿ" ಎಂದೆ.

"ಮುದ್ರೆ ಒಡೆದ್ರೆ ನನ್ನ ಕೆಲಸ ಹೋಗತ್ತೆ ದೊಡ್ಡಮ್ಮ."

"ಹೋದ್ರೆ ಕುರಿ ಕಾಯಿ. ಕುರಿ ಆರಿಸೋದು ನಿಂಗೆ ಚೆನ್ನಾಗೇ ಬರುತ್ತೆ."

ಅವನು ಕೊಡಲಿ ತೆಗೆದುಕೊಂಡು ಬಂದ. ಬಾಗಿಲು ಒಡೆದ, ಒಲೆಗೆ ಬೆರಣಿ ಹೊತ್ತು ತಂದ, ಹೊರಗೆ ಹಿಮದಲ್ಲಿ ಎರ್ಮೆಕ್‌ನನ್ನು ಹಿಡಿದುಕೊಂಡು ನಿಂತ. ಎರ್ಮೆಕ್ ಆ ಬಾಗಿಲ ಕಡೆ ಬೆನ್ನು ಹಾಕಿ ಘಟ್ಟದ ಕಡೆಗೇ ನೋಡುತ್ತಿದ್ದನಂತೆ. ಮಂಚವಿಲ್ಲದ ಕೋಣೆ ಎಷ್ಟು ದೊಡ್ಡದು ಗೊತ್ತಾ? ನೆಲದ ಮೇಲೆ ಎಲ್ಲರ ಮನೆಯ ಹಾಸಿಗೆ ಹಾಸಿದೆವು. ಮಗು ಬೇಗ ಬಂತು. ರಕ್ತ ನಿಲ್ಲಲಿಲ್ಲ. ಅದಕ್ಕೆ ಕೊಡುವ ಔಷಧಿ ಲಾರಿಯಲ್ಲಿ ಹೋದ ಪೆಟ್ಟಿಗೆಯಲ್ಲಿತ್ತು. ತುರ್ಸುನೈ ಕೈಯಿಂದ ಒತ್ತಿ ಹಿಡಿದಳು. ನಾನು ಚೋಲ್ಪೋನ್‌ಳ ತಲೆ ಹಿಡಿದು ಕುಳಿತಿದ್ದೆ, ಅವಳ ತುಟಿ ನಿನ್ನ ತಾಯಿಯ ತುಟಿಯ ಬಣ್ಣಕ್ಕೆ ತಿರುಗುತ್ತಿತ್ತು. ಆಮೇಲೆ ನಿಂತಿತು. ಯಾಕೆ ನಿಂತಿತು ಎಂದು ತುರ್ಸುನೈಗೂ ಗೊತ್ತಿಲ್ಲ. ಅವಳು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತವಳು, ಎಷ್ಟು ಕರೆದರೂ ಒಳಗೆ ಬರಲಿಲ್ಲ. "ಇನ್ನೊಂದು ಸಲ ಕೇಳ್ಬೇಡಿ ಅಕ್ಕ, ಬರೀ ಕೈಯಲ್ಲಿ ಇನ್ನೊಂದು ಸಲ ನನ್ನ ಕೈಲಾಗಲ್ಲ" ಎಂದಳು.

ಚೋಲ್ಪೋನ್ ಗೋಡೆ ಹಿಡಿದು ನಡೆಯುತ್ತಾಳೆ. ಮುಖದಲ್ಲಿ ಇನ್ನೂ ಬಣ್ಣ ಬಂದಿಲ್ಲ. ಘಟ್ಟ ತೆರೆದ ಮೇಲೆ ಕಚೇರಿಯವನೊಬ್ಬ ಬಂದು ಬಾಗಿಲಿಗೆ ಹೊಸ ಕಾಗದ ಅಂಟಿಸಿ ಮುದ್ರೆ ಒತ್ತಿ ಚಿತ್ರ ತೆಗೆದುಕೊಂಡು ಹೋದ. ಮಮಾಸಾಲಿಗೆ ದಂಡ ಹಾಕಿದ್ದಾರೆ. ಕಚೇರಿಯವನಿಗೆ ಅವನು ಒಂದು ಬಟ್ಟಲು ಚಹಾ ಕೂಡ ಕೊಡಲಿಲ್ಲ. ಕೊಡದೆ ಕಳಿಸಿ ಮನೆಗೆ ಹೋಗಿ ಮಲಗಿದ ಎಂದು ಅವನ ಹೆಂಡತಿ ಹೇಳಿದಳು. ನಿನ್ನ ಮುಖ್ಯಸ್ಥೆಯ ಕಾಗದಕ್ಕೆ ಬಂದ ಉತ್ತರದ ಪ್ರತಿ ಅವನಿಗೂ ಬಂದಿದೆ. ಮುಂದಿನ ವರ್ಷ ಪರಿಶೀಲಿಸುತ್ತಾರಂತೆ.

ಈಗ ನೀನು ಕೇಳಿದ ಮಾತು. ಹೆಂಗಸರನ್ನು ಕೂರಿಸಿಕೊಂಡು ಕೇಳಿದೆ. ಮುಖ್ಯಸ್ಥೆ ಬರೆದದ್ದು ಒಳ್ಳೆಯದು ಎಂದು ಎಲ್ಲರೂ ಒಪ್ಪಿದರು. ಕೆನ್ಜೆ ಒಂದು ಅಂಕ ಏರಿಸೋಣ ಎಂದಳು. ಬೂರಾಕಾನ್ ಬೇಡ ಎಂದಳು. ಮಗುವಿಗೆ ಹಾಲು ಕುಡಿಸುತ್ತಿದ್ದ ಚೋಲ್ಪೋನ್ ತಲೆ ಎತ್ತದೆ, "ಹಾಕ್ಬಿಡಿ ಆಪಾ, ಒಂದು ಜಾಸ್ತಿ ಹಾಕ್ಬಿಡಿ. ನಾನು ಬದುಕಿದ್ದೀನಲ್ಲ" ಎಂದಳು.

"ಅದಕ್ಕೂ ಅವರಿಗೂ ಏನೇ ಸಂಬಂಧ?"

"ಏನಿಲ್ಲ. ಸಾಕಾಗಿದೆ."

ಅವಳಿಗೆ ಸಾಕಾಗಿದೆ, ನನಗೂ ಸಾಕಾಗಿದೆ, ನಿನಗೂ ಸಾಕಾಗಿದೆ ಎಂದು ನಿನ್ನ ಅಕ್ಷರವೇ ಹೇಳುತ್ತದೆ. ಸಾಕಾದವರು ಕೊಡುವ ಅಂಕವನ್ನು ತೆಗೆದುಕೊಳ್ಳಬೇಡ. ನಿನ್ನ ಮುಖ್ಯಸ್ಥೆಗೆ ನನ್ನ ಸಲಾಮು ಹೇಳು. ಒಂದು ಕಾಗದ ಬರೆದಿದ್ದಾರೆ, ಉತ್ತರ ಬಂದಿದೆ. ಇನ್ನೊಂದು ಬರೆಯಲಿ, ಅದಾದ ಮೇಲೆ ಮತ್ತೊಂದು. ಸಹಿ ಹಾಕಿ ಕೈ ನೋಯಲಿ, ಏನಾಗುವುದಿಲ್ಲ.

ಅಂಕ ಮೊದಲಿದ್ದಂತೆಯೇ ಇರಲಿ. ಸಾಲ್ತನತ್‌ಗೂ ಕೆನ್ಜೆಯ ಸೊಸೆಗೂ ಬರುವ ಡಿಸೆಂಬರ್ ಕೊನೆಗೆ ದಿನ ತುಂಬುತ್ತದೆ. ಹೊಸ ಅಂಕ ಬೇಕಿದ್ದರೆ, ಘಟ್ಟ ಮುಚ್ಚಿ ತೆರೆದ ಮೇಲೆ, ಅವರಿಬ್ಬರನ್ನೇ ಕೇಳು.

ಉರ್ಕುಯಾ